ಶೂನ್ಯ ದಾಖಲಾತಿ ಶಾಲೆಯ ಜಗಲಿಯಲ್ಲಿ ತಾಳಮದ್ದಲೆ

ಕರಾವಳಿ, ಮಲೆನಾಡಿನ ಊರುಗಳಲ್ಲಿ 'ಮುಚ್ಚಿಹೋದ ಶಾಲೆ' ಎಂದು ಜನ ತೋರಿಸುವ ಎಷ್ಟೋ ಕಟ್ಟಡಗಳು ಶಿಕ್ಷಣ ಇಲಾಖೆಯ ಕಡತದಲ್ಲಿ ಮುಚ್ಚಿರುವುದೇ ಇಲ್ಲ. ಅಲ್ಲಿ ಅದು 'ಶೂನ್ಯ ದಾಖಲಾತಿ ಶಾಲೆ', ಅಂದರೆ ಒಂದು ಮಗುವೂ ಸೇರದ ಶಾಲೆ. ಮೇಷ್ಟ್ರನ್ನು ಬೇರೆಡೆಗೆ ನಿಯೋಜಿಸಿ ಬೀಗ ಜಡಿದಿರುತ್ತಾರೆ, ಶಾಲೆಯ ಗುರುತಿನ ಯುಡೈಸ್ ಸಂಖ್ಯೆ ಹಾಗೇ ಉಳಿದಿರುತ್ತದೆ. ನಾಳೆ ಮಕ್ಕಳು ಬಂದರೆ ಬಾಗಿಲು ತೆಗೆಯಲೇಬೇಕು. ಇಂಥ ಕಟ್ಟಡವನ್ನು ಯಕ್ಷಗಾನ, ತಾಳಮದ್ದಲೆಯ ಕಲಾಕೇಂದ್ರ ಮಾಡಹೊರಟವರು ಮೊದಲು ಎಡವುವುದು ಇಲ್ಲೇ.

ಕಿಲೋಮೀಟರಿಗೊಂದು ಕಿರಿಯ ಪ್ರಾಥಮಿಕ ಶಾಲೆ ಎಂಬ ಲೆಕ್ಕದಲ್ಲಿ ಮಜರೆಗಳಲ್ಲೂ ಶಾಲೆ ಎದ್ದವು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಕನಿಷ್ಠ ಎರಡು ಕೋಣೆ, ಅಗಲವಾದ ಜಗಲಿ ಇರಬೇಕೆಂದಿತು. (ಈಗ ಉಪಕಾರಕ್ಕೆ ಬರುವುದು ಆ ಜಗಲಿಯೇ.) ಆಮೇಲೆ ಮನೆಮನೆಯಲ್ಲೂ ಮಕ್ಕಳು ಕಡಿಮೆಯಾದರು, ಇಂಗ್ಲಿಷ್ ಮಾಧ್ಯಮದ ವ್ಯಾನು ಅಂಗಳಕ್ಕೇ ಬಂತು. 2012-13ರಿಂದ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಡಿ ಖಾಸಗಿ ಶಾಲೆಗಳ ಶೇ 25 ಸೀಟುಗಳಿಗೆ ಸರ್ಕಾರವೇ ದುಡ್ಡು ಕಟ್ಟತೊಡಗಿತು. ಹತ್ತಿರದಲ್ಲಿ ಸರ್ಕಾರಿ, ಅನುದಾನಿತ ಶಾಲೆಯಿದ್ದರೆ ಆ ಸೀಟಿಲ್ಲ ಎಂದು ನಿಯಮ ತಿದ್ದಿ 2019-20ರಲ್ಲಿ ಜಾರಿಗೆ ತರುವ ಹೊತ್ತಿಗೆ ಎಷ್ಟೋ ಶಾಲೆಗಳ ಗಂಟೆ ನಿಂತಿತ್ತು.

ಜಾಗ ಬಹುಪಾಲು ಊರಿನ ಯಾರೋ ಹಿರಿಯರು ಬಿಟ್ಟುಕೊಟ್ಟದ್ದು. ದಾನಪತ್ರವಿದ್ದರೆ ಅದರಲ್ಲಿ 'ಶಾಲೆಯ ಉದ್ದೇಶಕ್ಕೆ' ಎಂದಿರುತ್ತದೆ, ಇಲ್ಲದಿದ್ದರೆ ಎಲ್ಲ ಬಾಯಿಮಾತು. ಪಹಣಿ, ಪಂಚಾಯತಿಯ ಇ-ಸ್ವತ್ತು (ಆಸ್ತಿಯ ಗಣಕೀಕೃತ) ದಾಖಲೆ ತೆಗೆಸಿ ಜಾಗ ಯಾರ ಹೆಸರಲ್ಲಿದೆ ಎಂದು ನೋಡದೆ ಸುಣ್ಣದ ಬಕೆಟ್ ಎತ್ತಬೇಡಿ. ಎಲ್ಲ ಮುಗಿದ ಮೇಲೆ ದಾನಿಯ ಮೊಮ್ಮಕ್ಕಳು ತಕರಾರು ಅರ್ಜಿ ಹಿಡಿದು ಬಂದಾರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಠರಾವೊಂದೇ ಸಾಲದು. ಕನಿಷ್ಠ ಏಳು ಜನ ಸೇರಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಂಡು, 'ಇಲಾಖೆ ಕೇಳಿದಾಗ ಬಿಟ್ಟುಕೊಡುತ್ತೇವೆ' ಎಂಬ ಕರಾರಿನ ಮೇಲೆ ಲಿಖಿತ ಅನುಮತಿ ಕೇಳಬೇಕು.

ಈ ಕರಾರು ಕೆಲಸಕ್ಕೂ ಅನ್ವಯ: ಮತ್ತೆ ತರಗತಿ ನಡೆಸಲಾಗದಂಥ ಬದಲಾವಣೆ ಬೇಡ. ನಡುಗೋಡೆ ಒಡೆದು ಹಾಲ್ ಮಾಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆದರೆ ಹಂಚಿನ ಕಟ್ಟಡದಲ್ಲಿ ಮಾಡಿನ ತೊಲೆ ಆ ಗೋಡೆಯ ಮೇಲೇ ಕೂತಿರುತ್ತದೆ. ಒಂದು ಕೋಣೆ ಚೌಕಿ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಆಗಲಿ, ಇನ್ನೊಂದು ಚೆಂಡೆ-ಮದ್ದಳೆ ಕಲಿಕೆಗಿರಲಿ. ಜಗಲಿಯಲ್ಲಿ ತಾಳಮದ್ದಲೆ: ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಪಾತ್ರದ ಮಾತಾಡುವ ಅರ್ಥಧಾರಿಗಳು ಕೂತೇ ಮಾತಾಡುವುದರಿಂದ ಎಂಟಡಿ ಅಗಲ ಧಾರಾಳ.

ತಾಳಮದ್ದಲೆಗೆ ಮಳೆಗಾಲವೇ ಸುಗ್ಗಿ, ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ. ಸೋರುತ್ತದೆಂದು ಹಂಚು ಇಳಿಸಿ ತಗಡು ಹಾಕಿದಿರೋ, ಕೆಟ್ಟಿರಿ: ಜೂನಿನ ಮಳೆಯ ಸದ್ದಿಗೆ ಕರ್ಣನ ಮಾತು ಮೂರನೇ ಸಾಲಿಗೂ ಮುಟ್ಟದು. ಮಂಗಳೂರು ಹಂಚು 100 ಚದರಡಿ ಮಾಡಿಗೆ ಸುಮಾರು 150 ಬೇಕು. 20 ಅಡಿ ಚೌಕದ ಕೋಣೆಗೆ ಸುತ್ತ ಎರಡಡಿ ಸೂರು ಸೇರಿ ಹೆಚ್ಚುಕಡಿಮೆ 1,000. ಅದಕ್ಕೂ ಮೊದಲು, ಪಕ್ಕಾಸು (ಮಾಡಿನ ಇಳಿಜಾರಿನ ಮರ) ಗೋಡೆಗೆ ತಾಗುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗೆದ್ದಲು ಹತ್ತುವುದು ಅಲ್ಲಿಂದ. ಸಲೀಸಾಗಿ ಇಳಿದರೆ ಆ ಮರ ಮುಗಿಯಿತು. ಒಂದೊಂದು ಕಾರ್ಖಾನೆಯ ಹಂಚಿನ ಕಚ್ಚು (ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚು) ಒಂದೊಂದು ಬಗೆ. ಹಳೆಯದರ ನಡುವೆ ಹೊಸದು ತುರುಕಿದರೆ ಕಚ್ಚು ಕೂರದೆ ಅಲ್ಲೇ ಸೋರುತ್ತದೆ. ಗಟ್ಟಿಯಿರುವ ಹಳೆಯದನ್ನೆಲ್ಲ ಒಂದು ಇಳಿಜಾರಿಗೆ ಕೂಡಿಸಿ, ಇನ್ನೊಂದಕ್ಕೆ ಪೂರ್ತಿ ಹೊಸದು ಹೊದಿಸಿ.

ಶಾಲೆಯ ವೈರಿಂಗ್ ನಾಲ್ಕು ಟ್ಯೂಬ್‌ಲೈಟಿಗೆ ಎಳೆದದ್ದು. 1,000 ವಾಟ್‌ನ ಆರು ಹ್ಯಾಲೊಜೆನ್ ದೀಪ ಹೊತ್ತಿಸಿದರೆ 26 ಆಂಪಿಯರ್ ಹರಿಯುತ್ತದೆ. ಫ್ಯೂಸ್ ಹೋದರೆ ಪುಣ್ಯ; ವೈರ್ ಹೊತ್ತಿಕೊಂಡರೆ ಮೇಲಿರುವುದು ಒಣ ಮರ. 54 ವಾಟ್‌ನ 12 ಎಲ್‌ಇಡಿ ಪಾರ್ (ರಂಗಕ್ಕೆ ಬೆಳಕು ಚೆಲ್ಲುವ) ದೀಪ ಇಟ್ಟರೂ 650 ವಾಟ್ ದಾಟದು.

ಕರಿಹಲಗೆ ಮಾತ್ರ ಕೀಳಬೇಡಿ. ಪ್ರಸಂಗದ ಹೆಸರು, ಯಾರಿಗೆ ಯಾವ ಪಾತ್ರ ಎಂದು ಬರೆಯಲು ಅದೇ ಸಾಕು.