ಗಲ್ಫ್ ಮೆಡಿಕಲ್‌ನಲ್ಲಿ ಫೇಲ್ ಆದ ಮೇಲೆ

ಮಂಗಳೂರಿನ ನನ್ನ ಓಪಿಡಿಗೆ ಉಡುಪಿ ಕಡೆಯವರೊಬ್ಬರು ಬಂದಿದ್ದರು. ವಯಸ್ಸು ಐವತ್ತರ ಆಸುಪಾಸು. ಹೊಟ್ಟೆ ಉಬ್ಬಿತ್ತು, ಕಾಲು ಬಾತಿತ್ತು, ಭುಜ ಮಾತ್ರ ಸೊರಗಿ ಮೂಳೆ ಕಾಣುತ್ತಿತ್ತು. "ಗ್ಯಾಸ್ ಇರಬೇಕು ಡಾಕ್ಟ್ರೇ, ಊಟ ಸೇರುವುದಿಲ್ಲ" ಅಂದರು. ಸ್ಕ್ಯಾನ್ ಮಾಡಿದರೆ ಲಿವರ್‌ನ ಬಲಭಾಗದಲ್ಲಿ ದೊಡ್ಡ ಗಡ್ಡೆ, ಲಿವರ್ ಕ್ಯಾನ್ಸರ್.

ಹಳೆಯ ಕಾಯಿಲೆ ಏನಾದರೂ ಇತ್ತಾ ಎಂದು ಕೇಳಿದೆ. ಇಲ್ಲ ಅಂದರು. ಪಕ್ಕದಲ್ಲಿದ್ದ ಹೆಂಡತಿಗೆ ನೆನಪಾಯಿತು: "ಮದುವೆಗೆ ಮುಂಚೆ ಇವರು ದುಬೈಗೆ ಹೊರಟಿದ್ದರಂತೆ. ಮೆಡಿಕಲ್‌ನಲ್ಲಿ ಫೇಲ್ ಆಯಿತಂತೆ."

ನಮ್ಮ ಕರಾವಳಿಯಲ್ಲಿ ಈ ಕತೆ ನನಗೆ ಹೊಸದಲ್ಲ. ಗಲ್ಫ್ ವೀಸಾಕ್ಕೆ ರಕ್ತ ಪರೀಕ್ಷೆ ಮಾಡುವಾಗ ಲಿವರ್‌ಗೆ ತಗಲುವ ವೈರಸ್ ಸೋಂಕು, ಹೆಪಟೈಟಿಸ್ ಬಿ ಸಿಗುತ್ತದೆ. ಕೆಲಸ ಹೋದ ದುಃಖದಲ್ಲಿ ಕಾಗದ ಪೆಟ್ಟಿಗೆ ಸೇರುತ್ತದೆ. "ನೀವು ಬರೀ ಕ್ಯಾರಿಯರ್, ವೈರಸ್ ಹೊತ್ತವರಷ್ಟೇ, ಏನೂ ತೊಂದರೆ ಇಲ್ಲ" ಎಂದು ಯಾರೋ ಹೇಳಿರುತ್ತಾರೆ. ಆ ಮಾತಿನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಈ ವೈರಸ್ ಲಿವರ್ ಜೀವಕೋಶದ ವಂಶವಾಹಿಯೊಳಗೇ ಸೇರಿಕೊಳ್ಳಬಲ್ಲದು. ಹಾಗಾಗಿ ಲಿವರ್ ಗಟ್ಟಿಯಾಗುವ ಮೊದಲೇ ಕ್ಯಾನ್ಸರ್ ತರಬಲ್ಲದು.

ಲಿವರ್ ಕ್ಯಾನ್ಸರ್‌ನ ಉಳಿದ ಕಾರಣಗಳು ಬಹುತೇಕ ಸಿರೋಸಿಸ್ ದಾರಿಯಲ್ಲೇ ಬರುತ್ತವೆ. ಅಂದರೆ ಲಿವರ್ ಮತ್ತೆ ಮತ್ತೆ ಗಾಯವಾಗಿ, ಮಾಗಿ, ಕಲೆಗಟ್ಟುವುದು. ವರ್ಷಗಟ್ಟಲೆ ಕುಡಿತ, ಹೆಪಟೈಟಿಸ್ ಸಿ ಎಂಬ ಇನ್ನೊಂದು ವೈರಸ್, ಲಿವರ್‌ನಲ್ಲಿ ಕೊಬ್ಬು ತುಂಬುವ ಫ್ಯಾಟಿ ಲಿವರ್. ಬೂಷ್ಟು ಹಿಡಿದ ನೆಲಗಡಲೆ, ಜೋಳದಲ್ಲಿರುವ ವಿಷವೂ ಒಂದು ಕಾರಣ. ಅಂಥದ್ದನ್ನು ತೊಳೆದು ಹುರಿದು ತಿನ್ನಬೇಡಿ, ಎಸೆದುಬಿಡಿ. ಫ್ಯಾಟಿ ಲಿವರ್ ಎಂದರೆ "ಈಗ ಎಲ್ಲರಿಗೂ ಇರುತ್ತದಲ್ವಾ ಡಾಕ್ಟ್ರೇ" ಅನ್ನುತ್ತಾರೆ. ಅದರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ, ನಿಜ. ಆದರೆ ಜೊತೆಗೆ ಶುಗರ್ ಇದ್ದು, ಹೊಟ್ಟೆ ದಪ್ಪ ಇದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಒಮ್ಮೆ ನೋಡಿಸಲೇಬೇಕು. ಒಂದು ತೊಟ್ಟೂ ಕುಡಿಯದವರಲ್ಲೂ ನಾನು ಸಿರೋಸಿಸ್ ನೋಡಿದ್ದೇನೆ.

ಲಕ್ಷಣ ಬಂದ ಮೇಲೆ ತೋರಿಸೋಣ ಅಂದರೆ ತಡವಾಗುತ್ತದೆ. ಲಿವರ್‌ನ ಒಳಗೆ ನೋವು ತಿಳಿಯುವ ನರಗಳಿಲ್ಲ. ಮೇಲಿನ ತೆಳು ಪೊರೆ ಹಿಗ್ಗಿದಾಗಷ್ಟೇ ಬಲ ಪಕ್ಕೆಲುಬಿನ ಕೆಳಗೆ ಭಾರ, ನೋವು ಶುರು. ಕೆಲವರಿಗೆ ಅದು ಬಲ ಭುಜಕ್ಕೂ ಬರುತ್ತದೆ. ಹಸಿವಿಲ್ಲದಿರುವುದು, ತೂಕ ಇಳಿಯುವುದು, ಅರಶಿನ ಕಾಮಾಲೆ ಆಮೇಲೆ. ವಾರ್ಡಿನಲ್ಲಿ ನಾವು ಹೆಚ್ಚು ಅನುಮಾನ ಪಡುವುದು ಬೇರೊಂದಕ್ಕೆ. ಸಿರೋಸಿಸ್ ಇದ್ದೂ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಹದಗೆಡುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತವಾಂತಿ ಆಗುತ್ತದೆ, ಮಾತು ತೊದಲಿ ಮಂಪರು ಹತ್ತುತ್ತದೆ. ಕುಡಿದಿರಬೇಕು ಎಂದು ಮನೆಯವರು ಬೈಯುತ್ತಿರುತ್ತಾರೆ. ಒಳಗೆ ಗಡ್ಡೆ ರಕ್ತನಾಳಕ್ಕೆ ನುಗ್ಗಿರಬಹುದು.

ಕಾಮಾಲೆ ಎಂದ ಕೂಡಲೇ ನೆಲನೆಲ್ಲಿ ಕಷಾಯ, ಎರಡು ತಿಂಗಳು ಬರೀ ಗಂಜಿ ಪಥ್ಯ. ಸಿರೋಸಿಸ್ ಇರುವವರು ಈ ಪಥ್ಯದಿಂದ ಇನ್ನಷ್ಟು ಸೊರಗುತ್ತಾರೆ. ಅವರಿಗೆ ಮೀನು, ಮೊಟ್ಟೆ, ಬೇಳೆ ಬೇಕು. ನೀರು ತುಂಬಿದ್ದರೆ ಬಿಡಬೇಕಾದದ್ದು ಉಪ್ಪಿನಕಾಯಿ ಮತ್ತು ಒಣಮೀನು.

ಹಾಗಾಗಿ ಅಪಾಯ ಇರುವವರನ್ನು ನಾವೇ ಕರೆಯಬೇಕು. ಸಿರೋಸಿಸ್ ಇರುವವರು, ಹೆಪಟೈಟಿಸ್ ಬಿ ಇದ್ದು ವಯಸ್ಸಾದವರು ಅಥವಾ ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು. ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ಎಂಬ ರಕ್ತ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ, ಕ್ಯಾನ್ಸರ್ ಇದ್ದರೂ ಅದು ನಾರ್ಮಲ್ ಬರಬಹುದು. ಗಡ್ಡೆ 2 ಸೆಂಟಿಮೀಟರ್ ಇದ್ದಾಗ ಸಿಕ್ಕರೆ ಸೂಜಿ ಚುಚ್ಚಿ ಸುಡಬಹುದು, ಕತ್ತರಿಸಿ ತೆಗೆಯಬಹುದು. ಕೆಲವರಿಗೆ ಲಿವರ್ ಕಸಿಯೂ ಆಗುತ್ತದೆ. ದೊಡ್ಡದಾಗಿ ರಕ್ತನಾಳಕ್ಕೆ ಹೋದ ಮೇಲೆ ದಿನ ಹೆಚ್ಚಿಸುವ ಔಷಧಿಯಷ್ಟೇ ನಮ್ಮ ಕೈಯಲ್ಲಿ ಉಳಿಯುತ್ತದೆ. ನನ್ನ ಮುಂದೆ ಕುಳಿತಿದ್ದವರ ಸ್ಥಿತಿ ಅದೇ ಆಗಿತ್ತು.

ಅವರ ಹೆಂಡತಿ ಮಕ್ಕಳಿಗೆ, ಒಡಹುಟ್ಟಿದವರಿಗೆ ಹೆಪಟೈಟಿಸ್ ಬಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದೆ. ತಾಯಿಯಿಂದ ಹುಟ್ಟುವಾಗ ಈ ಸೋಂಕು ತಗಲಿದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ದೇಶದ ಎಲ್ಲ ಕಡೆ ಮಕ್ಕಳ ಲಸಿಕೆಗಳಲ್ಲಿ ಹೆಪಟೈಟಿಸ್ ಬಿ ಲಸಿಕೆ ಸೇರಿದ್ದು 2011ರ ಹೊತ್ತಿಗೆ, ಆದ್ದರಿಂದ ನಮ್ಮಲ್ಲಿ ದೊಡ್ಡವರು ಎಷ್ಟೋ ಮಂದಿ ಲಸಿಕೆ ಪಡೆದವರಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

ಹೆಂಡತಿಗೆ, ಮಕ್ಕಳಿಗೆ ಸೋಂಕಿರಲಿಲ್ಲ. ಲಸಿಕೆ ಹಾಕಿಸಿದೆವು. ತಮ್ಮನಿಗೆ ಇತ್ತು. ಈಗ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ಸ್ಕ್ಯಾನ್ ಆಗಿದೆ, ಗಡ್ಡೆ ಇಲ್ಲ. ಮೂರನೆಯದರ ತಾರೀಕನ್ನು ಅವರ ಅತ್ತಿಗೆ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದಾರೆ.