ಈಜು ಬರಲ್ಲ, ರಾಫ್ಟಿಂಗ್‌ಗೆ ಹೋಗಬಹುದಾ?

ಪ್ರಶ್ನೆ: ಆಫೀಸಿನವರೆಲ್ಲ ಸೇರಿ ದಾಂಡೇಲಿಗೆ ಹೊರಟಿದ್ದೇವೆ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿಸ್ತಾರಂತೆ. ನನಗೆ ಈಜು ಒಂಚೂರೂ ಬರಲ್ಲ. ಹೋಗಬಹುದಾ? ನೀರಿಗೆ ಬಿದ್ದರೆ ಗತಿ ಏನು?

ಹೋಗಬಹುದು. ಕಾಳಿಯಲ್ಲಿ ರಾಫ್ಟ್ (ಗಾಳಿ ತುಂಬಿದ ರಬ್ಬರ್ ದೋಣಿ) ಹತ್ತುವವರಲ್ಲಿ ಎಷ್ಟೋ ಜನರಿಗೆ ಈಜು ಬರುವುದಿಲ್ಲ. ಇದೇ ಪ್ರಶ್ನೆಯನ್ನು ಜುಲೈ ತಿಂಗಳಲ್ಲಿ ಕೊಡಗಿನ ಬರಪೊಳೆ ಅನ್ನುವ ಹೊಳೆಯ ಬಗ್ಗೆ ಕೇಳಿದ್ದರೆ ಮಾತ್ರ 'ಬೇಡ' ಅಂತಿದ್ದೆ. ಹಾಗಾಗಿ ಈಜು ಬರುತ್ತಾ ಅಂತ ಕೇಳಿಕೊಳ್ಳುವ ಮೊದಲು ಯಾವ ಹೊಳೆ, ಯಾವ ತಿಂಗಳು, ಯಾರ ಜೊತೆ ಅಂತ ಕೇಳಿಕೊಳ್ಳಿ.

ಬಾವಿಯಲ್ಲೋ ಸ್ವಿಮ್ಮಿಂಗ್ ಪೂಲಿನಲ್ಲೋ ಕಲಿತ ಈಜು ಹರಿಯುವ ಹೊಳೆಯಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗಕ್ಕೆ ರ್‍ಯಾಪಿಡ್ ಅನ್ನುತ್ತಾರೆ. ರ್‍ಯಾಪಿಡ್‌ನೊಳಗೆ ನೀರು ತಾನು ಹೋಗುವ ಕಡೆಗೇ ನಿಮ್ಮನ್ನೂ ಒಯ್ಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ಮೈಮೇಲೆ ಹಾಕುವ ಒತ್ತಡ ನಾಲ್ಕರಷ್ಟಾಗುತ್ತದೆ. ಅದರ ಎದುರು ಎಷ್ಟು ಕೈ ಬೀಸಿದರೂ ಸುಸ್ತಾಗುವುದೊಂದೇ ಲಾಭ. ಅಲ್ಲಿ ನಿಮ್ಮನ್ನು ಮೇಲೆ ಇಡುವುದು ಲೈಫ್ ಜಾಕೆಟ್. ನೀರಿಗಿಳಿದ ದೊಡ್ಡವರ ತಲೆ ಮೇಲೆ ನಿಲ್ಲಲು ಬೇಕಾಗುವ ಹೆಚ್ಚಿನ ಆಸರೆ ಸಾಮಾನ್ಯವಾಗಿ 3ರಿಂದ 5 ಕೆಜಿಯಷ್ಟೇ. ಉಳಿದ ಭಾರವನ್ನೆಲ್ಲ ನೀರೇ ಹೊರುತ್ತದೆ. ಒಳ್ಳೆಯ ರಾಫ್ಟಿಂಗ್ ಜಾಕೆಟ್ 7 ಕೆಜಿ, ಅದಕ್ಕಿಂತಲೂ ಜಾಸ್ತಿ ಎತ್ತುತ್ತದೆ. ಲೆಕ್ಕ ನಿಮ್ಮ ಪರವಾಗಿಯೇ ಇದೆ ಅಲ್ವಾ? ಆದರೆ ಬೆಳ್ಳಗೆ ನೊರೆ ಎದ್ದ ಜಾಗದಲ್ಲಿ ನೀರಿಗೆ ಗಾಳಿ ಬೆರೆತಿರುತ್ತದೆ. ಅಲ್ಲಿ ಜಾಕೆಟ್ ಅಷ್ಟು ಚೆನ್ನಾಗಿ ಎತ್ತುವುದಿಲ್ಲ. ಕೆಲವು ಸೆಕೆಂಡ್ ತಲೆ ಒಳಗೇ ಇರಬಹುದು. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಹೀಗಾಗುತ್ತೆ ಅಂತ ಗೊತ್ತಿದ್ದವರು ಉಸಿರು ಹಿಡಿದು ಕಾಯುತ್ತಾರೆ, ಗೊತ್ತಿಲ್ಲದವರು ಬಾಯಿ ತೆರೆಯುತ್ತಾರೆ.

ಇನ್ನು ಬಿದ್ದರೆ ಏನಾಗುತ್ತೆ ಅನ್ನುವ ಪ್ರಶ್ನೆ. ಸಾಮಾನ್ಯವಾಗಿ ಬೀಳುವುದು ರಾಫ್ಟ್ ಬಂಡೆಗೆ ತಗುಲಿದಾಗ, ಇಲ್ಲವೇ ಅಲೆ ಹತ್ತಿ ಇಳಿಯುವಾಗ ಹಿಂಬದಿ ಎಗರಿದಾಗ. ರಾಫ್ಟಿನಲ್ಲಿ ಕೂರುವುದು ಒಳಗಲ್ಲ, ಹೊರಗಿನ ದಪ್ಪ ಟ್ಯೂಬಿನ ಮೇಲೆ. ಪಾದವನ್ನು ಅಡ್ಡ ಟ್ಯೂಬಿನ ಕೆಳಗೆ ತೂರಿಸಿರಬೇಕು. ನಿಮ್ಮನ್ನು ಹಿಡಿದಿಡುವುದು ಮುಖ್ಯವಾಗಿ ಆ ಪಾದವೇ. ಅದು ಸಡಿಲವಾದ ಕ್ಷಣಕ್ಕೆ ನೀವು ನೀರಿನಲ್ಲಿ. ಮೊದಲು ಕಿವಿ ತುಂಬ ಸದ್ದು, ಮೂಗಿನೊಳಗೆ ನೀರು, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಆಮೇಲೆ ಜಾಕೆಟ್ ಭುಜದ ಹತ್ತಿರ ಜಗ್ಗುತ್ತದೆ, ಬೆಳಕು ಕಾಣುತ್ತದೆ. ಬಹಳ ಸಲ ರಾಫ್ಟ್ ಕೈಗೆಟುಕುವಷ್ಟು ಹತ್ತಿರವೇ ಇರುತ್ತದೆ, ಯಾಕಂದರೆ ಅದೂ ನೀವೂ ಒಂದೇ ನೀರಿನಲ್ಲಿ ಸಾಗುತ್ತಿರುತ್ತೀರಿ. ರಾಫ್ಟಿನ ಸುತ್ತ ಕಟ್ಟಿರುವ ಹಗ್ಗ ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಮೇಲಿರುವವರು ನಿಮ್ಮ ಕೈ ಹಿಡಿದು ಎಳೆಯಬಾರದು. ಜಾಕೆಟ್‌ನ ಭುಜದ ಪಟ್ಟಿ ಹಿಡಿದು, ನಿಮ್ಮನ್ನು ಒಮ್ಮೆ ಕೆಳಕ್ಕೆ ಅದುಮಿ, ಮೇಲೆ ಚಿಮ್ಮುವಾಗ ತಾವು ಹಿಂದಕ್ಕೆ ಒರಗಬೇಕು. ಆಗ ಇಬ್ಬರೂ ರಾಫ್ಟಿನೊಳಗೆ ಬೀಳುತ್ತಾರೆ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಆಗುತ್ತದೆ.

ರಾಫ್ಟ್ ದೂರ ಹೋಗಿದ್ದರೆ ಅಂಗಾತ ಮಲಗಿ. ಕಾಲು ನೀರು ಹರಿಯುವ ದಿಕ್ಕಿಗೆ, ಮಂಡಿ ಸ್ವಲ್ಪ ಮಡಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವ ಹಾಗಿರಲಿ. ಬಂಡೆ ಎದುರಾದರೆ ಕಾಲಿನಿಂದ ಒದ್ದು ದೂರ ಸರಿಯಬಹುದು. ಇಡೀ ರಾಫ್ಟಿಂಗ್‌ನಲ್ಲಿ ಈಜು ಬಾರದವರು ಕಲಿತಿರಲೇಬೇಕಾದ್ದು ಇದೊಂದು ಭಂಗಿ. ಕಲಿಯಲು ಐದು ನಿಮಿಷ ಸಾಕು.

ಇದರ ಜೊತೆಗೆ ಮಾಡಲೇಬಾರದ್ದೊಂದಿದೆ, ಅದು ಈಜು ಬರುವವರಿಗೂ ಅನ್ವಯಿಸುತ್ತದೆ. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಸೊಂಟದಷ್ಟೇ ನೀರಿದೆ, ಕಾಲು ಊರಿದರೆ ಮುಗೀತು ಅಂತ ಅನ್ನಿಸುತ್ತದೆ. ತಳದಲ್ಲಿ ಬಂಡೆಗಳ ಸಂದು ಇರುತ್ತವೆ. ಪಾದ ಸಂದಿಗೆ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಬಗ್ಗಿಸಿ ಮುಖವನ್ನು ಅದುಮುತ್ತದೆ. ಆಗ ಈಜೂ ಇಲ್ಲ, ಜಾಕೆಟ್ಟೂ ಇಲ್ಲ. ನೀರು ಮಂಡಿಗಿಂತ ಕೆಳಗೆ ಬರುವವರೆಗೆ ಮಲಗಿಯೇ ಇರಿ. ನನ್ನ ಪ್ರಕಾರ ಅರೆಬರೆ ಈಜು ಬರುವ, ಧೈರ್ಯ ಜಾಸ್ತಿ ಇರುವ ಹುಡುಗರೇ ಗೈಡ್‌ಗೆ ದೊಡ್ಡ ತಲೆನೋವು. ಏನೂ ಬಾರದವರು ಹೇಳಿದ ಮಾತು ಕೇಳುತ್ತಾರೆ.

ಅಂಗಾತ ಮಲಗುವ ನಿಯಮಕ್ಕೆ ಒಂದೇ ವಿನಾಯಿತಿ, ನೀರಿಗೆ ಅಡ್ಡ ಬಿದ್ದ ಮರ. ಟೀ ಸೋಸುವಾಗ ಪುಡಿ ಜಾಲರಿಯಲ್ಲಿ ನಿಲ್ಲುವ ಹಾಗೆ, ಕೊಂಬೆಗಳ ನಡುವೆ ನೀರು ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ತಪ್ಪಿಸಿಕೊಳ್ಳಲು ಆಗದೇ ಹೋದರೆ ಮಗುಚಿ ಮಲಗಿ, ತಲೆ ಮುಂದೆ ಮಾಡಿ, ಜೋರಾಗಿ ಮರದ ಮೇಲಕ್ಕೆ ಹತ್ತಬೇಕು. ದಿನವೂ ರಾಫ್ಟ್ ಓಡಾಡುವ ಹಾದಿಯಲ್ಲಿ ಇಂಥದ್ದು ಅಪರೂಪ, ಗೈಡ್‌ಗಳ ಕಣ್ಣು ಅದರ ಮೇಲೆ ಇದ್ದೇ ಇರುತ್ತದೆ. ಕಾಡಿನ ಹೊಳೆಯಲ್ಲಿ ಒಂದು ಜೋರು ಮಳೆ ಬಿದ್ದ ಮರುದಿನ ಹಾಗೆ ಹೇಳಲಾಗದು.

ದಡದಿಂದ ಹಗ್ಗದ ಚೀಲ (ಎಸೆದಾಗ ಒಳಗಿನ ಉದ್ದ ಹಗ್ಗ ಬಿಚ್ಚಿಕೊಳ್ಳುವ ಪುಟ್ಟ ಚೀಲ) ಎಸೆದರೆ ಚೀಲ ಹಿಡಿಯಲು ಹೋಗಬೇಡಿ, ಹಗ್ಗ ಹಿಡಿಯಿರಿ. ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದು, ಹಗ್ಗ ಭುಜದ ಮೇಲಿಂದ ಹೋಗುವ ಹಾಗೆ ಅಂಗಾತ ಇರಿ. ಮುಂಗೈಗೆ ಸುತ್ತಿಕೊಳ್ಳಬೇಡಿ, ಬಿಡಬೇಕಾದಾಗ ಬಿಡಲು ಬರಬೇಕು.

ಈಗ ಕಾಳಿಗೆ ಬರೋಣ. ಈ ಹೊಳೆ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ. 184 ಕಿಲೋಮೀಟರ್ ಹರಿದು ಕಾರವಾರದಲ್ಲಿ, ಸದಾಶಿವಗಡದ ಮಗ್ಗುಲಲ್ಲಿ ಸಮುದ್ರ ಸೇರುತ್ತದೆ. ಸುತ್ತ ಹುಲಿ ಸಂರಕ್ಷಿತ ಕಾಡು, ಮೇಲೆ ಮಂಗಟ್ಟೆ ಹಕ್ಕಿಗಳ ರೆಕ್ಕೆಯ ಸದ್ದು. ನೋಡಿದರೆ ಯಾರ ಹಂಗಿನಲ್ಲೂ ಇಲ್ಲದ ಹೊಳೆ ಅನ್ನಿಸುತ್ತದೆ. ಆದರೆ ರಾಫ್ಟ್ ಇಳಿಸುವ ಗಣೇಶಗುಡಿಯ ಮೇಲ್ಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ವಿದ್ಯುತ್ ಯಂತ್ರಗಳಿವೆ. ಅವು ತಿರುಗಿದಾಗ ಹೊರಬರುವ ನೀರೇ ರಾಫ್ಟಿಂಗ್‌ಗೆ ಬಂಡವಾಳ. ಬೇರೆ ಹೊಳೆಗಳು ಬಂಡೆ ತೋರಿಸಿಕೊಂಡು ಮಲಗಿರುವ ಬೇಸಿಗೆಯಲ್ಲೂ ಕಾಳಿಯಲ್ಲಿ ರಾಫ್ಟ್ ಓಡುವುದು ಇದೇ ಕಾರಣಕ್ಕೆ. ಯಂತ್ರ ನಿಂತರೆ ಆಟವೂ ನಿಂತಿತು. ದುಡ್ಡು ಕಟ್ಟಿ ಬಂದವರಿಗೆ 'ಇವತ್ತು ನೀರು ಬಿಟ್ಟಿಲ್ಲ ಸಾರ್' ಅನ್ನುವ ಉತ್ತರ ಸಿಗುವುದೂ ಉಂಟು. ಬೇಸರ ಬೇಡ. ಹೀಗೆ ಅಳತೆಯಲ್ಲಿ ಬರುವ ನೀರಿನಿಂದಲೇ ಈಜು ಬಾರದವರಿಗೆ ಈ ಹೊಳೆ ಅನುಕೂಲ. ಇವತ್ತು ನೀರು ಎಷ್ಟಿರುತ್ತದೆ ಅನ್ನುವುದು ಗೈಡ್‌ಗೆ ಸುಮಾರಾಗಿ ಮೊದಲೇ ಗೊತ್ತಿರುತ್ತದೆ. ಮಳೆಗಾಲ ಜೋರಾದಾಗ ಸಾಮಾನ್ಯವಾಗಿ ರಾಫ್ಟಿಂಗ್ ನಿಲ್ಲಿಸುತ್ತಾರೆ.

ರ್‍ಯಾಪಿಡ್‌ಗಳನ್ನು ಪ್ರಪಂಚದ ಎಲ್ಲ ಕಡೆ 1ರಿಂದ 6ರವರೆಗೆ ಗ್ರೇಡ್ ಹಾಕಿ ಅಳೆಯುತ್ತಾರೆ. 1 ಅಂದರೆ ಸುಮ್ನೆ ಅಲ್ಲಾಡುವ ನೀರು, 6 ಅಂದರೆ ಪ್ರಾಣದ ಆಸೆ ಬಿಟ್ಟವರ ಜಾಗ. ಕಾಳಿಯಲ್ಲಿ ಸಿಗುವುದು ಹೆಚ್ಚಾಗಿ 2 ಮತ್ತು 3. ನಡುನಡುವೆ ಉದ್ದಕ್ಕೆ ನಿಧಾನ ನೀರಿನ ಮಡುಗಳಿವೆ, ಬಿದ್ದವರನ್ನು ಎತ್ತಿಕೊಳ್ಳಲು ಸಮಯ ಸಿಗುತ್ತದೆ. ಗ್ರೇಡ್ ಅಂಕಿಯಷ್ಟೇ ಈ ಮಡುಗಳೂ ಮುಖ್ಯ. ದಕ್ಷಿಣ ಕೊಡಗಿನ ಬರಪೊಳೆಯ ಕಥೆ ಬೇರೆ. ಬ್ರಹ್ಮಗಿರಿ ಕಡೆಯಿಂದ ಧುಮುಕುವ ಈ ಹೊಳೆಯಲ್ಲಿ ರಾಫ್ಟಿಂಗ್ ನಡೆಯುವುದೇ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಆಸುಪಾಸಿನವರೆಗೆ. ಕಾಫಿ ತೋಟದೊಳಗೆ ಜೀಪಿನಲ್ಲಿ ಕುಲುಕಾಡಿ, ಜಿಗಣೆ ಕಿತ್ತುಕೊಳ್ಳುತ್ತಾ ನೀರಿಗಿಳಿಯಬೇಕು. 'ಮಾರ್ನಿಂಗ್ ಕಾಫಿ' ಅನ್ನುವ ಹೆಸರಿನ ರ್‍ಯಾಪಿಡ್ ಇದೆ, ಮುಂದೆ 'ವಿಕೆಡ್ ವಿಚ್', 'ಬಿಗ್ ಬ್ಯಾಂಗ್'. ನೀರು ಏರಿದಾಗ ಗ್ರೇಡ್ 4 ಮುಟ್ಟುತ್ತದೆ, ಒಂದು ಮುಗಿಯುವುದರೊಳಗೆ ಇನ್ನೊಂದು. ಅಲ್ಲಿಗೆ ಒಂದೆರಡು ಸಲ ಬೇರೆ ಕಡೆ ನೀರಿಗೆ ಬಿದ್ದು ಎದ್ದವರು ಹೋದರೆ ಚೆಂದ. ಹೃಷಿಕೇಶದಲ್ಲಿ ಗಂಗೆಯ ಶಿವಪುರಿಯಿಂದ ಕೆಳಗಿನ 16 ಕಿಲೋಮೀಟರ್ ಓಟಕ್ಕೆ ಈಜು ಬಾರದವರು ನಿತ್ಯ ಹೋಗುತ್ತಾರೆ, ಮೇಲಿನ ಕೌಡಿಯಾಲಾದಿಂದ ಶುರುವಾಗುವ ಓಟ ಅವರಿಗಲ್ಲ. ಅಲ್ಲಿ ಜುಲೈ, ಆಗಸ್ಟ್ ಬಂದ್. ಚಳಿಗಾಲದ ಗಂಗೆಗೆ ಬಿದ್ದರೆ ಮೊದಲ ನಿಮಿಷ ಉಸಿರೇ ಹತೋಟಿಗೆ ಬರುವುದಿಲ್ಲ, ಅಷ್ಟು ಕೊರೆಯುತ್ತದೆ.

ದಾಂಡೇಲಿಗೆ ಹೋಗುವವರೆಲ್ಲ ಮೊಸಳೆ ವಿಚಾರವನ್ನೂ ಕೇಳುತ್ತಾರೆ. ಇವೆ. ದಾಂಡೇಲಿ ಊರಿನ ಹತ್ತಿರದ ನಿಧಾನ ನೀರಿನಲ್ಲಿ ಕಾಣುತ್ತವೆ. ರಾಫ್ಟಿಂಗ್ ನಡೆಯುವುದು ಅದಕ್ಕಿಂತ ಮೇಲಿನ, ರಭಸದ ಪಾತ್ರದಲ್ಲಿ. ಹಾಗಂತ ಸಂಜೆ ರೆಸಾರ್ಟ್ ಹಿಂದೆ ಹೊಳೆ ಕಂಡಿತು ಅಂತ ನೀರಿಗಿಳಿಯಬೇಡಿ.

ಕಾಳಿಯಲ್ಲಿ ಎರಡು ಥರ ಮಾಡಿಸುತ್ತಾರೆ. ಒಂದು ಚಿಕ್ಕದು, ಅರ್ಧ ಗಂಟೆ ಆಚೀಚೆ. ಇನ್ನೊಂದು ಸುಮಾರು 9 ಕಿಲೋಮೀಟರಿನದು. ಹೆದರಿಕೆ ಇರುವವರು ಚಿಕ್ಕದೇ ಸಾಕು ಅನ್ನುತ್ತಾರೆ. ನನಗೆ ಉದ್ದದ್ದೇ ವಾಸಿ ಅನ್ನಿಸುತ್ತದೆ. ಚಿಕ್ಕದರಲ್ಲಿ ಜನ ಜಾಸ್ತಿ, ಅವಸರ ಜಾಸ್ತಿ, ಹೇಳಿಕೊಡಲು ಪುರುಸೊತ್ತು ಕಮ್ಮಿ. ಉದ್ದದ್ದರಲ್ಲಿ ಮೊದಲು ನಿಧಾನ ನೀರಿನಲ್ಲಿ ತಾಲೀಮು ಮಾಡಿಸಲು ಜಾಗ ಇರುತ್ತದೆ. ಆಗಲೇ ಗೈಡ್‌ಗೆ ನಿಮಗೆ ಈಜು ಬರುವುದಿಲ್ಲ ಅಂತ ಹೇಳಿಬಿಡಿ, ನಾಚಿಕೆ ಬೇಡ. ಮಡುವಿನಲ್ಲಿ ಒಮ್ಮೆ ಹಗ್ಗ ಹಿಡಿದುಕೊಂಡೇ ನೀರಿಗಿಳಿಸಿ, ತೇಲಿಸಿ ಅಂತ ಕೇಳಿ. ಜಾಕೆಟ್ ನಿಮ್ಮನ್ನು ಹೊರುತ್ತದೆ ಅನ್ನುವುದು ಮೈಗೆ ಗೊತ್ತಾಗಬೇಕು. ಇಷ್ಟಾದ ಮೇಲೂ ಮುಖಕ್ಕೆ ನೀರು ಬಿದ್ದರೆ ಕೈಕಾಲು ಬಡಿಯುವ ಅಭ್ಯಾಸ ನಿಮಗಿದ್ದರೆ ಆ ದಿನ ದಡದಲ್ಲಿ ಫೋಟೋ ತೆಗೆಯುವುದೇ ಒಳ್ಳೆಯದು. ಕೂರುವುದಾದರೆ ಹಿಂದೆ, ಗೈಡ್ ಕೈಗೆ ಸಿಗುವ ಜಾಗ ಕೇಳಿ. ಗೈಡ್‌ಗಳು ಕೂಗುವುದು 'ಫಾರ್ವರ್ಡ್' (ಮುಂದಕ್ಕೆ ಹುಟ್ಟು ಹಾಕಿ), 'ಬ್ಯಾಕ್' (ಹಿಂದಕ್ಕೆ ಹಾಕಿ), 'ಗೆಟ್ ಡೌನ್' (ಟ್ಯೂಬಿನಿಂದ ರಾಫ್ಟಿನೊಳಗೆ ಕುಕ್ಕರಿಸಿ) ಅಂತ. ವಿವರಣೆ ಎಷ್ಟೋ ಸಲ ಹಿಂದಿಯಲ್ಲಿ ಇರುತ್ತದೆ. ಅರ್ಥ ಆಗದಿದ್ದರೆ ದಡದಲ್ಲೇ ಕೇಳಿ, ನೀರಿನಲ್ಲಿ ಯಾರೂ ಅನುವಾದ ಮಾಡುವುದಿಲ್ಲ.

ಜಾಕೆಟ್ ಹಾಕಿಕೊಂಡ ಮೇಲೆ ಪಕ್ಕದವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಜಾರಿ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಸಡಿಲ ಇದೆ ಅಂತ ಅರ್ಥ. ಬಕಲ್ ಮುರಿದು ದಾರ ಕಟ್ಟಿದ್ದರೆ ಬೇರೆ ಜಾಕೆಟ್ ಕೇಳಿ ತಗೊಳ್ಳಿ. ಹೆಲ್ಮೆಟ್ ಹಣೆ ಮುಚ್ಚಬೇಕು. ಹುಟ್ಟಿನ (ಪ್ಯಾಡಲ್) ತುದಿಯಲ್ಲಿ ಟಿ ಆಕಾರದ ಹಿಡಿ ಇರುತ್ತದೆ, ಒಂದು ಕೈ ಯಾವಾಗಲೂ ಅದರ ಮೇಲೇ ಇರಲಿ. ನೀರಿಗೆ ಬೀಳುವುದಕ್ಕಿಂತ ಆ ಬಿಟ್ಟ ಹಿಡಿ ಪಕ್ಕದವರ ಹಲ್ಲಿಗೆ ಬಡಿಯುವುದೇ ಸುಲಭ.

ಕೆಲವರು ಮಾತ್ರ ಒಲಿಂಪಿಕ್ಸ್ ಈಜುಗಾರರಾದರೂ ಹತ್ತಬಾರದು: ಬಸುರಿಯರು, ಹೃದಯದ ತೊಂದರೆ ಅಥವಾ ಮೂರ್ಛೆ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಭುಜ ಆಗಾಗ ಕಳಚುವವರು, ಹಿಂದಿನ ರಾತ್ರಿಯ ಪಾರ್ಟಿ ಇನ್ನೂ ಇಳಿಯದವರು. ರಾಫ್ಟಿನಲ್ಲಿ ಜನ ಜಾಸ್ತಿ ತುಂಬುತ್ತಿದ್ದರೆ, ಕೂರಲು ಟ್ಯೂಬಿನ ಮೇಲೆ ಜಾಗ ಇಲ್ಲದೆ ಒಬ್ಬರು ನಡುವೆ ಕುಕ್ಕರಿಸಿದ್ದರೆ, ಆ ರಾಫ್ಟ್ ಹತ್ತಬೇಡಿ. ಗುಂಪಿನವರು ಏನಂದುಕೊಳ್ತಾರೋ ಅಂತ ಸುಮ್ಮನಾಗಬೇಡಿ. ಬೇಡ ಅನ್ನುವುದಾದರೆ ಗಣೇಶಗುಡಿಯ ದಡದಲ್ಲೇ ಹೇಳಿಬಿಡಿ. ಒಮ್ಮೆ ಹೊರಟ ಮೇಲೆ ಎರಡೂ ಕಡೆ ಕಾಡು, ನಡುವೆ ಇಳಿದು ವಾಪಸ್ ಬರಲು ದಾರಿ ಸುಲಭವಾಗಿ ಸಿಗುವುದಿಲ್ಲ. ಮೊದಲೇ ಹೇಳಿದರೆ, ಮುಗಿಯುವ ಜಾಗಕ್ಕೆ ರಾಫ್ಟ್ ತರಲು ಹೋಗುವ ಗಾಡಿಯಲ್ಲೇ ನಿಮ್ಮನ್ನೂ ಕೂರಿಸಿಕೊಂಡು ಹೋಗ್ತಾರಾ ಅಂತ ಕೇಳಬಹುದು.