ಗೆರೆಯ ಮೇಲೆ ಎಲ್ಲರೂ ಒಟ್ಟಿಗೆ: ಗ್ಲೈಡರ್ ರೇಸ್ ಜನರನ್ನು ಕಳೆದುಕೊಂಡ ಬಗೆ

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಅದರ ರೇಸ್‌ನಲ್ಲಿ ತಾಳ್ಮೆ ಕೆಡಿಸುವ ಹೊತ್ತು ರೇಸ್ ಶುರುವಾಗುವುದಕ್ಕೂ ಮುಂಚಿನದು. ಸ್ಟಾರ್ಟ್ ಲೈನ್ ತೆರೆದಾಗಿದೆ, ಆದರೆ ಯಾರೂ ಹೊರಡುತ್ತಿಲ್ಲ. ಹತ್ತಾರು ಗ್ಲೈಡರ್‌ಗಳು ಒಂದೇ ಥರ್ಮಲ್‌ನಲ್ಲಿ, ಅಂದರೆ ನೆಲ ಕಾದು ಮೇಲೇಳುವ ಬಿಸಿಗಾಳಿಯಲ್ಲಿ, ಒಂದರ ಮೇಲೊಂದು ಗಿರಕಿ ಹೊಡೆಯುತ್ತಿವೆ. ಮೊದಲು ಹೊರಟವನು ಮುಂದಿನ ಥರ್ಮಲನ್ನು ತಾನೇ ಹುಡುಕಿಕೊಳ್ಳಬೇಕು. ಹತ್ತು ನಿಮಿಷ ತಡೆದು ಹೊರಟವನಿಗೆ ಮುಂದೆ ಸುತ್ತುತ್ತಿರುವ ರೆಕ್ಕೆಗಳೇ ದಾರಿ ತೋರಿಸುತ್ತವೆ. ಸಮಯದ ಲೆಕ್ಕ ಅವರವರು ಗೆರೆ ದಾಟಿದ ಕ್ಷಣದಿಂದ ಆದ್ದರಿಂದ ಕಾದವನಿಗೇ ಲಾಭ. ಕೆಳಗೆ ನಿಂತು ನೋಡುವವನಿಗೆ ಇದು ಯಾವುದೂ ಅರ್ಥವಾಗುವುದಿಲ್ಲ. ಮೊದಲು ಮರಳಿ ಬಂದವನೇ ಗೆದ್ದ ಎಂದು ಹೇಳುವ ಹಾಗೂ ಇಲ್ಲ.

ಸ್ಪರ್ಧೆಗೆ ಬರುವವರು ಕಡಿಮೆಯಾಗುತ್ತಿದ್ದಾರೆ ಎಂಬ ಚಿಂತೆ ಈ ಕ್ರೀಡೆಯವರನ್ನು ಬಹಳ ದಿನಗಳಿಂದ ಕಾಡುತ್ತಿದೆ. ಖರ್ಚು ಹೆಚ್ಚು, ಎರಡು ವಾರ ರಜೆ ಹಾಕಬೇಕು, ಮಳೆ ಬಂದರೆ ಅದೂ ವ್ಯರ್ಥ. ಇವೆಲ್ಲ ನಿಜವೇ. ಆದರೆ ಇತಿಹಾಸ ನೋಡುತ್ತ ಹೋದಂತೆ ನನಗೆ ಬೇರೊಂದು ಕಾರಣ ಎದ್ದು ಕಾಣುತ್ತದೆ. ಆಟ ಸುಧಾರಿಸಿದಂತೆಲ್ಲ ಪೈಲಟ್ ಒಬ್ಬಂಟಿಯಾಗುತ್ತ ಬಂದ.

ಶುರುವಿನಲ್ಲಿ ಹೀಗಿರಲಿಲ್ಲ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿತು. ಹಾರುವ ಹುಚ್ಚಿದ್ದ ಹುಡುಗರು ಗ್ಲೈಡರ್ ಹಿಡಿದರು. 1920ರಲ್ಲಿ ಆಸ್ಕರ್ ಉರ್ಸಿನಸ್ ಎಂಬವರು ಈ ಹುಡುಗರನ್ನು ರೋನ್ ಬೆಟ್ಟಸಾಲಿನ ವಾಸರ್‌ಕುಪ್ಪೆ ಬೆಟ್ಟಕ್ಕೆ ಸ್ಪರ್ಧೆಗೆ ಕರೆದರು. ಎರಡೇ ವರ್ಷದಲ್ಲಿ ಆರ್ಥರ್ ಮಾರ್ಟೆನ್ಸ್ ಒಂದು ಗಂಟೆಗೂ ಮೀರಿ ಗಾಳಿಯಲ್ಲಿ ನಿಂತರು. ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯೇ ಆಗಿನವರ ಆಸರೆ. ಹಾಗಾಗಿ ಹಾರಾಟವೆಲ್ಲ ಬೆಟ್ಟದ ಮೇಲಿನವರ ಕಣ್ಣೆದುರೇ ನಡೆಯುತ್ತಿತ್ತು. ಸ್ಪರ್ಧೆಯಿಂದ ಉದ್ಯಮವೂ ಹುಟ್ಟಿತು: ಅಲೆಕ್ಸಾಂಡರ್ ಶ್ಲೈಶರ್ ಇಲ್ಲಿ ಗೆದ್ದ ಬಹುಮಾನದ ಹಣದಿಂದ 1927ರಲ್ಲಿ ಬೆಟ್ಟದ ಬುಡದಲ್ಲೇ ಕಾರ್ಖಾನೆ ತೆರೆದರು. ಅದು ಇವತ್ತಿಗೂ ಗ್ಲೈಡರ್ ತಯಾರಿಸುತ್ತಿದೆ.

ಆಮೇಲೆ ವೇರಿಯೋಮೀಟರ್ ಬಂತು. ಗ್ಲೈಡರ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಮುಳ್ಳಿನಲ್ಲಿ ತೋರಿಸುವ ಈ ಪುಟ್ಟ ಸಾಧನದಿಂದ ಥರ್ಮಲ್ ಹಿಡಿಯುವುದು ಸಾಧ್ಯವಾಯಿತು. ಬೆಟ್ಟದ ಹಂಗು ತಪ್ಪಿತು. 1929ರಲ್ಲಿ ರಾಬರ್ಟ್ ಕ್ರೋನ್‌ಫೆಲ್ಡ್ 100 ಕಿಲೋಮೀಟರ್ ಗಡಿ ದಾಟಿದರು. ಗ್ಲೈಡರ್ ನೋಡುಗರ ಕಣ್ಣಿನಿಂದ ಮರೆಯಾಗಿದ್ದೂ ಆಗಲೇ.

1937ರಲ್ಲಿ ಅದೇ ವಾಸರ್‌ಕುಪ್ಪೆಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಹೈನಿ ಡಿಟ್ಮಾರ್ ಗೆದ್ದರು. ಮೊದಲ ವಿಶ್ವ ಚಾಂಪಿಯನ್‌ಶಿಪ್ ಎಂದು ಇದನ್ನೇ ಎಣಿಸುತ್ತಾರೆ. 1940ರ ಒಲಿಂಪಿಕ್ಸ್‌ಗೂ ಗ್ಲೈಡಿಂಗ್ ಸೇರುವುದಿತ್ತು. ಎಲ್ಲರೂ ಒಂದೇ ಮಾದರಿಯಲ್ಲಿ ಹಾರಲಿ ಎಂದು 15 ಮೀಟರ್ ರೆಕ್ಕೆಯ 'ಮೈಸೆ' ಆಯ್ಕೆಯೂ ಆಗಿತ್ತು. ಯುದ್ಧ ಬಂತು, ಒಲಿಂಪಿಕ್ಸ್ ನಡೆಯಲೇ ಇಲ್ಲ.

ಯುದ್ಧದ ನಂತರ ಗಣಿತದ ಕಾಲ. ಅಮೆರಿಕದ ಪೈಲಟ್ ಪಾಲ್ ಮೆಕ್‌ಕ್ರೆಡಿ ವೇರಿಯೋಮೀಟರ್ ಸುತ್ತ ತಿರುಗಿಸುವ ಒಂದು ಬಳೆ ಕೂರಿಸಿದರು. ಮುಂದಿನ ಥರ್ಮಲ್ ಎಷ್ಟು ಬಲವಾಗಿರಬಹುದು ಎಂದು ಊಹಿಸಿ ಬಳೆ ತಿರುಗಿಸಿದರೆ, ಅಲ್ಲಿಯವರೆಗೆ ಎಷ್ಟು ವೇಗದಲ್ಲಿ ಹಾರಬೇಕೆಂದು ಅದು ಹೇಳುತ್ತಿತ್ತು. 1956ರಲ್ಲಿ ಫ್ರಾನ್ಸ್‌ನ ಸ್ಯಾಂ-ಯಾನ್‌ನಲ್ಲಿ ಅವರೇ ವಿಶ್ವ ಚಾಂಪಿಯನ್ ಆದರು. ಮರದ ಜಾಗಕ್ಕೆ ಫೈಬರ್‌ಗ್ಲಾಸ್ ಬಂದ ಮೇಲೆ ವೇಗವೂ ಏರಿತು, ಬೆಲೆಯೂ ಏರಿತು.

ಆಗಿನ ರೇಸ್‌ನಲ್ಲಿ ಎಷ್ಟು ಕೈಗಳು ಬೇಕಿದ್ದವು ನೋಡಿ. ಟರ್ನ್‌ಪಾಯಿಂಟ್, ಅಂದರೆ ಮುಟ್ಟಿ ತಿರುಗಬೇಕಾದ ಗುರುತಿನ ಜಾಗ, ತಲುಪಿದ್ದಕ್ಕೆ ಫೋಟೋವೇ ಸಾಕ್ಷಿ. ಕಾಕ್‌ಪಿಟ್ ಪಕ್ಕದಲ್ಲಿ ಕ್ಯಾಮೆರಾ ಕೂರಿಸಿಕೊಂಡು, ಚರ್ಚ್ ಗೋಪುರವೋ ರಸ್ತೆ ಕೂಡುವ ಜಾಗವೋ ಸರಿಯಾದ ಕೋನದಲ್ಲಿ ಸಿಗುವಂತೆ ರೆಕ್ಕೆ ವಾಲಿಸಿ ಕ್ಲಿಕ್ ಮಾಡಬೇಕು. ಸಂಜೆ ಯಾರೋ ಕತ್ತಲೆ ಕೋಣೆಯಲ್ಲಿ ರೀಲು ತೊಳೆಯಬೇಕು. ಗಾಳಿ ಕೈಕೊಟ್ಟು ಹೊಲದಲ್ಲಿ ಇಳಿದರೆ ಹೆಂಡತಿಯೋ ಗೆಳೆಯನೋ ಟ್ರೇಲರ್ ಎಳೆದುಕೊಂಡು ಬರಬೇಕು, ಟಾರ್ಚ್ ಬೆಳಕಿನಲ್ಲಿ ಪಿನ್ನು ಬಿಚ್ಚಿ ರೆಕ್ಕೆ ಹೊರಬೇಕು. ಹೀಗೆ ರೆಕ್ಕೆ ಹೊರಲು ಬಂದ ಮಕ್ಕಳು ತಾವೂ ಪೈಲಟ್‌ಗಳಾದರು.

1990ರ ದಶಕದಲ್ಲಿ ಹಾರಿದ ದಾರಿಯನ್ನು ತಾನೇ ದಾಖಲಿಸುವ ಜಿಪಿಎಸ್ ಲಾಗರ್ ಫೋಟೋದ ತಾಪತ್ರಯವನ್ನೆಲ್ಲ ಒಂದೇ ಏಟಿಗೆ ನಿವಾರಿಸಿತು. ಜೊತೆಗೆ, ತನ್ನ ಕ್ಲಬ್ಬಿನಿಂದಲೇ, ತನಗೆ ಅನುಕೂಲವಾದ ದಿನ ಹಾರಿ, ದಾಖಲೆಯನ್ನು ಇಂಟರ್‌ನೆಟ್‌ಗೆ ಏರಿಸಿ ಅಂಕ ಪಡೆಯುವ ದಾರಿಯನ್ನೂ ತೆರೆಯಿತು. ಒಳ್ಳೆಯದೇ ಆಯಿತು, ದೂರ ಹಾರುವವರು ಹೆಚ್ಚಿದರು. ಆದರೆ ರಜೆ ಹಾಕಿ, ಟ್ರೇಲರ್ ಕಟ್ಟಿಕೊಂಡು ಸ್ಪರ್ಧೆಗೆ ಹೋಗಲು ಇದ್ದ ಕಾರಣಗಳಲ್ಲಿ ಒಂದು ಕಳಚಿಬಿತ್ತು.

ಜನರನ್ನು ಮರಳಿ ಕರೆತರುವ ಪ್ರಯತ್ನಗಳೂ ನಡೆದಿವೆ. ಅಗ್ಗದ ಒಂದೇ ಮಾದರಿಯಲ್ಲಿ ಎಲ್ಲರೂ ಹಾರುವ 'ವರ್ಲ್ಡ್ ಕ್ಲಾಸ್' ಬಂತು. ಅದಕ್ಕೆ ಆಯ್ಕೆಯಾದದ್ದು ವಾರ್ಸಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪಿಡಬ್ಲ್ಯು-5. ಒಂದು ಕಿಲೋಮೀಟರ್ ಎತ್ತರದಿಂದ ಅದು ಸುಮಾರು 32 ಕಿಲೋಮೀಟರ್ ತೇಲುತ್ತದೆ. ಹಳೆಯ ಫೈಬರ್‌ಗ್ಲಾಸ್ ಗ್ಲೈಡರ್ ಕೊಂಡರೆ ಅದಕ್ಕಿಂತ ದೂರ ಹೋಗಬಹುದಿತ್ತು. ಆ ಕ್ಲಾಸ್ ಉಳಿಯಲಿಲ್ಲ. ಅಮೆರಿಕದ ಷ್ವೈಜರ್ 1-26 ಇದಕ್ಕಿಂತಲೂ ಹಿಂದುಳಿದ ಗ್ಲೈಡರ್, ತೇಲುವುದು ಸುಮಾರು 23 ಕಿಲೋಮೀಟರ್ ಅಷ್ಟೇ. ಆದರೂ ಅದಕ್ಕೆಂದೇ ಚಾಂಪಿಯನ್‌ಶಿಪ್ ದಶಕಗಳ ಕಾಲ ನಡೆದುಬಂದಿದೆ. ಏಕೆಂದರೆ 1954ರಿಂದ ತಯಾರಾದ ಸುಮಾರು 700 ಗ್ಲೈಡರ್‌ಗಳು ಆಗಲೇ ಜನರ ಕೈಯಲ್ಲಿದ್ದವು. ಮೇಲಿನಿಂದ ಇಳಿಸಿದ ಯೋಜನೆಗಿಂತ ಶೆಡ್ಡಿನಲ್ಲಿ ನಿಂತಿರುವ ಗ್ಲೈಡರ್ ಹೆಚ್ಚು ಜನರನ್ನು ಸೇರಿಸುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಿಲ್ಲ. ಹಳೆಯ ಗ್ಲೈಡರ್‌ಗಳಿಗೆ ಹ್ಯಾಂಡಿಕ್ಯಾಪ್ ಕೊಟ್ಟು, ಅಂದರೆ ಅವುಗಳ ಸಾಮರ್ಥ್ಯಕ್ಕೆ ತಕ್ಕಂತೆ ಅಂಕ ಹೊಂದಿಸಿ, ಆಡಿಸುವ ಕ್ಲಬ್ ಕ್ಲಾಸ್ ನಿಂತಿರುವುದೂ ಇದೇ ನಂಬಿಕೆಯ ಮೇಲೆ.

ಇನ್ನೊಂದು ದಾರಿ ಗ್ರಾಂಪ್ರಿ. 2005ರಲ್ಲಿ ಫ್ರಾನ್ಸ್‌ನ ಸ್ಯಾಂ-ತೊಬಾನ್‌ನಲ್ಲಿ ಶುರುವಾದ ಇದರ ನಿಯಮವನ್ನು ಮಗುವಿಗೂ ವಿವರಿಸಬಹುದು. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಬಂದವನೇ ಗೆದ್ದ. ಲೈವ್ ಟ್ರ್ಯಾಕಿಂಗ್ ಇರುವುದರಿಂದ ಮನೆಯಲ್ಲಿ ಕೂತವರಿಗೂ ಯಾರು ಮುಂದಿದ್ದಾರೆ ಎಂದು ತಿಳಿಯುತ್ತದೆ. ಆದರೆ ಅಲ್ಲಿಗೆ ಬರುವವರು ಪಳಗಿದ ಕೆಲವರೇ. ಇದರಿಂದ ನೋಡುಗರು ಸಿಗುತ್ತಾರೆ, ಹೊಸ ಪೈಲಟ್‌ಗಳು ಸಿಗುವುದಿಲ್ಲ.

ಹೊಸಬರಿಗೆ ಬೇಕಾದದ್ದು ಎರಡನೇ ಸೀಟು. ಎರಡು ಸೀಟಿನ ಗ್ಲೈಡರ್‌ನಲ್ಲಿ ಅನುಭವಿಯ ಜೊತೆ ಒಂದು ರೇಸ್ ಹಾರಿದರೆ ಪುಸ್ತಕದಲ್ಲಿ ಓದಿ ಬಾರದ ಎಷ್ಟೋ ಸಂಗತಿಗಳು ಒಂದೇ ಮಧ್ಯಾಹ್ನದಲ್ಲಿ ತಲೆಗೆ ಹೋಗುತ್ತವೆ. ಯಾವ ಮೋಡ ನಂಬಬೇಕು, ಯಾವುದನ್ನು ಬಿಡಬೇಕು, ಗುಂಪಿನಲ್ಲಿ ಸುತ್ತುವಾಗ ಕಣ್ಣು ಎಲ್ಲಿರಬೇಕು, ಎಲ್ಲವೂ. ಹೊಲದಲ್ಲಿ ಇಳಿಯುವ ಭಯಕ್ಕೂ ಈಗ ಮದ್ದಿದೆ: ಮೂತಿಯಲ್ಲಿ ಕೂರುವ ಪುಟ್ಟ ಎಲೆಕ್ಟ್ರಿಕ್ ಮೋಟಾರು, ಸ್ವಿಚ್ ಒತ್ತಿದರೆ ಮನೆಗೆ ಮುಟ್ಟಿಸುತ್ತದೆ. ಟ್ರೇಲರ್ ಎಳೆದು ತರುವವರು ಸಿಗದ ಪೈಲಟ್‌ಗೂ ಈಗ ಸ್ಪರ್ಧೆಗೆ ಹೆಸರು ಕೊಡುವ ಧೈರ್ಯ ಬರುತ್ತದೆ. ಕ್ಲಬ್ಬುಗಳು ವಾರಾಂತ್ಯದ ಎರಡು ದಿನದಲ್ಲಿ ಮುಗಿಯುವ ಸಣ್ಣ ರೇಸ್ ಇಟ್ಟು, ಎಲ್ಲರನ್ನೂ ಒಂದೇ ಹೊತ್ತಿಗೆ ಗೆರೆ ದಾಟಿಸಿ, ಹಿಂದಿನ ಸೀಟನ್ನು ಹದಿನೆಂಟರ ಹುಡುಗಿಗೋ ಹುಡುಗನಿಗೋ ಬಿಟ್ಟುಕೊಡಲಿ. ಅದಕ್ಕೆ ಬೇಕಾದ ಗ್ಲೈಡರ್‌ಗಳು ಎಷ್ಟೋ ಕ್ಲಬ್ಬುಗಳ ಶೆಡ್ಡಿನಲ್ಲಿ ಆಗಲೇ ಇವೆ.